ನಿಮ್ಮದೂ ಚೂರು ತಪ್ಪಿದ್ದರೆ ಪರಿಹಾರ ಸೊನ್ನೆ: ವರ್ಜಿನಿಯಾ, ಮೇರಿಲ್ಯಾಂಡ್, ನಾರ್ತ್ ಕೆರೊಲಿನಾದಲ್ಲಿ ಗಾಯದ ಕ್ಲೇಮ್ ಮಾಡುವುದು ಹೇಗೆ

ಊರಲ್ಲಿ ಅಪಘಾತದ ಪರಿಹಾರದ ಕೇಸು ನೋಡಿದವರಿಗೆ ಒಂದು ಲೆಕ್ಕ ಗೊತ್ತಿರುತ್ತದೆ. ಗಾಯಗೊಂಡವನದೂ ಕಾಲು ಭಾಗ ತಪ್ಪಿದೆ ಎಂದು ಟ್ರಿಬ್ಯುನಲ್ ಹೇಳಿದರೆ ಹಣದಲ್ಲಿ ಕಾಲು ಭಾಗ ಕಳೆಯುತ್ತಾರೆ, ಉಳಿದ ಮುಕ್ಕಾಲು ಕೈಗೆ ಬರುತ್ತದೆ. ಅಮೆರಿಕದ ಹೆಚ್ಚಿನ ರಾಜ್ಯಗಳಲ್ಲೂ ತಪ್ಪನ್ನು ಹೀಗೆ ಪಾಲು ಮಾಡಿ ಅಳೆಯುತ್ತಾರೆ. ಆದರೆ ವರ್ಜಿನಿಯಾ, ಮೇರಿಲ್ಯಾಂಡ್, ನಾರ್ತ್ ಕೆರೊಲಿನಾ, ಅಲಬಾಮಾ ಈ ನಾಲ್ಕು ರಾಜ್ಯಗಳಲ್ಲಿ ಮತ್ತು ವಾಷಿಂಗ್ಟನ್ ಡಿ.ಸಿ.ಯಲ್ಲಿ ಆ ಲೆಕ್ಕ ಇಲ್ಲ. ನೂರರಲ್ಲಿ ಎದುರಿನವನದು 99 ಪಾಲು ತಪ್ಪಿದ್ದು, ನಿಮ್ಮದು 1 ಪಾಲು ಎಂದು ಸಾಬೀತಾದರೂ ನಿಮಗೆ ಸಿಗುವುದು ಸೊನ್ನೆ. ಇದಕ್ಕೆ ಕಾಂಟ್ರಿಬ್ಯೂಟರಿ ನೆಗ್ಲಿಜೆನ್ಸ್ ನಿಯಮ ಎನ್ನುತ್ತಾರೆ.

ಆಶ್‌ಬರ್ನ್, ಹರ್ನ್‌ಡನ್, ಜರ್ಮನ್‌ಟೌನ್, ಕ್ಯಾರಿ, ಶಾರ್ಲೆಟ್ ಕಡೆ ಕನ್ನಡದ ಮನೆಗಳು ಬೇಕಾದಷ್ಟಿವೆ. ಕ್ಯಾಲಿಫೋರ್ನಿಯಾದಿಂದಲೋ ಟೆಕ್ಸಾಸಿನಿಂದಲೋ ಕೆಲಸ ಬದಲಿಸಿ ಇಲ್ಲಿಗೆ ಬಂದವರಿಗೆ ಈ ನಿಯಮದ ಸುಳಿವೇ ಇರುವುದಿಲ್ಲ. ಗೊತ್ತಾಗುವುದು ಇನ್ಶೂರೆನ್ಸ್ ಕಂಪನಿಯಿಂದ ‘ಇಲ್ಲ’ ಎಂಬ ಪತ್ರ ಬಂದಾಗ. ಆ ಹೊತ್ತಿಗೆ ಕೇಸು ಮುಕ್ಕಾಲು ಪಾಲು ಕೈತಪ್ಪಿರುತ್ತದೆ. ಎಷ್ಟೋ ಸಲ ಅದು ಕೈತಪ್ಪುವುದು ಕೋರ್ಟಿನಲ್ಲಲ್ಲ. ಮೊದಲ ವಾರದಲ್ಲಿ, ನಮ್ಮದೇ ಬಾಯಿಂದ. ಅದಕ್ಕೇ ಈ ಲೇಖನ. ನಾನು ವಕೀಲನಲ್ಲ, ನಿಮ್ಮ ಕೇಸಿಗೆ ಸಲಹೆ ಕೊಡಬೇಕಾದವರು ವಕೀಲರೇ. ಅವರ ಬಳಿ ಹೋಗುವ ಮೊದಲೇ ಕೇಸು ಕೆಡದಂತೆ ನೋಡಿಕೊಳ್ಳುವುದು ನಮ್ಮ ಕೈಯಲ್ಲಿದೆ.

ಈ ನಿಯಮ ಎಷ್ಟು ಕಟು

ನಿಯಮದ ಮೂಲ 1809ರ ಒಂದು ಇಂಗ್ಲಿಷ್ ತೀರ್ಪು. ಡರ್ಬಿಯಲ್ಲಿ ಒಬ್ಬ ತನ್ನ ಮನೆ ರಿಪೇರಿಗಾಗಿ ರಸ್ತೆಗೆ ಅಡ್ಡ ಕಂಬ ಇಟ್ಟಿದ್ದ. ಮುಸ್ಸಂಜೆಯಲ್ಲಿ ಜೋರಾಗಿ ಕುದುರೆ ಓಡಿಸಿಕೊಂಡು ಬಂದವನು ಅದಕ್ಕೆ ಸಿಕ್ಕಿ ಬಿದ್ದ. ನೋಡಿಕೊಂಡು ಬಂದಿದ್ದರೆ ಕಾಣುತ್ತಿತ್ತು ಎಂದು ಕೋರ್ಟು ಅವನಿಗೆ ಏನೂ ಕೊಡಲಿಲ್ಲ. ಇಂಗ್ಲೆಂಡ್ 1945ರಲ್ಲಿ ಕಾಯ್ದೆ ಮಾಡಿ ಈ ನಿಯಮ ಬಿಟ್ಟಿತು. ಇಲ್ಲಿನ ನಾಲ್ಕು ರಾಜ್ಯಗಳು ಇನ್ನೂ ಬಿಟ್ಟಿಲ್ಲ.

ಮೇರಿಲ್ಯಾಂಡಿನ ಅತ್ಯುನ್ನತ ನ್ಯಾಯಾಲಯದ ಮುಂದೆ 2013ರಲ್ಲಿ ಬಂದ ಕೋಲ್ಮನ್ ಪ್ರಕರಣ ನೋಡಿ. ಫುಟ್‌ಬಾಲ್ ಅಭ್ಯಾಸಕ್ಕೆ ನೆರವಾಗುತ್ತಿದ್ದ 20 ವರ್ಷದ ಯುವಕ ಗೋಲಿನ ಅಡ್ಡಕಂಬಿ ಹಿಡಿದು ಜೋತಾಡಿದ. ಗೋಲನ್ನು ನೆಲಕ್ಕೆ ಬಿಗಿದಿರಲಿಲ್ಲ. ಅದು ಮಗುಚಿ ಅವನ ಮುಖದ ಮೇಲೆ ಬಿದ್ದು ಮೂಳೆಗಳು ಮುರಿದವು. ಅಭ್ಯಾಸ ನಡೆಸುತ್ತಿದ್ದ ಸಂಸ್ಥೆಯದು ತಪ್ಪು, ಆ ತಪ್ಪಿನಿಂದಲೇ ಗಾಯವಾಯಿತು ಎಂದು ಜ್ಯೂರಿ ಒಪ್ಪಿತು. ಜೋತಾಡಿದ್ದು ಯುವಕನ ತಪ್ಪು ಎಂದೂ ಹೇಳಿತು. ಅಲ್ಲಿಗೆ ಮುಗಿಯಿತು. ಒಂದು ಡಾಲರೂ ಸಿಗಲಿಲ್ಲ. ನಿಯಮ ಬದಲಿಸುವುದು ಶಾಸಕಾಂಗದ ಕೆಲಸ ಎಂದು ನ್ಯಾಯಾಲಯ ಕೈಬಿಟ್ಟಿತು. ನನ್ನ ಮಟ್ಟಿಗೆ ಇದು ಅನ್ಯಾಯ. ಆದರೆ ಇಲ್ಲಿ ಕ್ಲೇಮ್ ಮಾಡುವವರು ಈ ನಿಯಮದೊಳಗೇ ದಾರಿ ಹುಡುಕಬೇಕು.

ಮೊದಲು ನೋಡಬೇಕಾದ್ದು: ಎಲ್ಲಿ ಆಯಿತು?

ಮನೆ ಯಾವ ರಾಜ್ಯದಲ್ಲಿದೆ, ಕಾರು ಎಲ್ಲಿ ರಿಜಿಸ್ಟರ್ ಆಗಿದೆ ಎಂಬುದು ಇಲ್ಲಿ ಮುಖ್ಯವಲ್ಲ. ವರ್ಜಿನಿಯಾ, ಮೇರಿಲ್ಯಾಂಡ್, ನಾರ್ತ್ ಕೆರೊಲಿನಾ ಮೂರೂ ಅಪಘಾತವಾದ ಜಾಗದ ಕಾನೂನನ್ನೇ ಅನ್ವಯಿಸುತ್ತವೆ. ನೀವು ಪೆನ್ಸಿಲ್ವೇನಿಯಾದವರಾಗಿದ್ದು, ಲ್ಯಾನ್‌ಹ್ಯಾಮಿನ ಶಿವ ವಿಷ್ಣು ದೇವಸ್ಥಾನಕ್ಕೆ ಹೋಗುವಾಗ ಮೇರಿಲ್ಯಾಂಡಿನ ರಸ್ತೆಯಲ್ಲಿ ಗುದ್ದಿಸಿಕೊಂಡರೆ ನಿಮಗೂ ಮೇರಿಲ್ಯಾಂಡಿನ ನಿಯಮವೇ.

ಡಿ.ಸಿ.ಯಲ್ಲಿ ಒಂದು ದೊಡ್ಡ ವ್ಯತ್ಯಾಸ ಇದೆ. 2016ರ ಕಾಯ್ದೆಯ ಪ್ರಕಾರ, ಅಲ್ಲಿ ವಾಹನ ಗುದ್ದಿದ ಪಾದಚಾರಿಗೆ ಮತ್ತು ಸೈಕಲ್ ಸವಾರನಿಗೆ ಹಳೇ ನಿಯಮ ಅಡ್ಡ ಬರುವುದಿಲ್ಲ. ಅವರ ತಪ್ಪು ಎದುರಿನವರ ಒಟ್ಟು ತಪ್ಪಿಗಿಂತ ಜಾಸ್ತಿ ಎಂದು ಸಾಬೀತಾದರೆ ಮಾತ್ರ ಹಕ್ಕು ಹೋಗುತ್ತದೆ. ಮುಂದೆ ಸ್ಕೂಟರ್ ಸವಾರರಂಥವರನ್ನೂ ಇದಕ್ಕೆ ಸೇರಿಸಿದರು. ಕಾರು ಓಡಿಸುವವರಿಗೆ ಮಾತ್ರ ಡಿ.ಸಿ.ಯಲ್ಲೂ ಹಳೇ ನಿಯಮವೇ. ಹಾಗಾಗಿ ಪೊಟೋಮ್ಯಾಕ್ ನದಿಯ ಈಚೆ ದಡದಲ್ಲಿ, ವರ್ಜಿನಿಯಾದ ಆರ್ಲಿಂಗ್ಟನ್ನಿನಲ್ಲಿ ವಾಹನ ಗುದ್ದಿ ಸೈಕಲ್ಲಿನಿಂದ ಬಿದ್ದವನಿಗೂ ಆಚೆ ದಡದಲ್ಲಿ, ಡಿ.ಸಿ.ಯ ಜಾರ್ಜ್‌ಟೌನಿನಲ್ಲಿ ಬಿದ್ದವನಿಗೂ ಕಾನೂನೇ ಬೇರೆ. ಜಾಗದ ವಿಳಾಸ, ಹತ್ತಿರದ ಕ್ರಾಸ್ ರಸ್ತೆ, ಯಾವ ಕೌಂಟಿ ಎಂಬುದನ್ನು ಅವತ್ತೇ ಬರೆದಿಟ್ಟುಕೊಳ್ಳಿ.

ಅಪಘಾತದ ಜಾಗದಲ್ಲಿ

911ಕ್ಕೆ ಕರೆ ಮಾಡಿ. ಗಾಯ ಇದೆಯೆಂದರೆ ಪೊಲೀಸರು ಬರಲೇಬೇಕು, ಎದುರಿನವನು ‘ನಾವೇ ಬಗೆಹರಿಸಿಕೊಳ್ಳೋಣ’ ಎಂದು ಎಷ್ಟೇ ನಯವಾಗಿ ಹೇಳಲಿ.

ನಮ್ಮ ಜನಕ್ಕೆ ಒಂದು ಒಳ್ಳೆಯ ಗುಣ ಇದೆ. ಯಾರಿಗಾದರೂ ತೊಂದರೆ ಆಗಿದ್ದು ಕಂಡರೆ, ತಪ್ಪು ಯಾರದೇ ಇರಲಿ, ಬಾಯಲ್ಲಿ ಮೊದಲು ಬರುವುದು ‘ಸಾರಿ’. ಈ ರಾಜ್ಯಗಳಲ್ಲಿ ಆ ಮಾತು ಪೊಲೀಸರ ನೋಟ್‌ಬುಕ್ಕಿಗೆ ಹೋದರೆ ವರ್ಷದ ನಂತರ ನಿಮ್ಮ ಎದುರೇ ಬಂದು ನಿಲ್ಲುತ್ತದೆ. ‘ನಿಮಗೇನಾದರೂ ಪೆಟ್ಟಾಯಿತಾ? ಆಂಬುಲೆನ್ಸ್ ಕರೆಯಲಾ?’ ಎಂದು ಕೇಳಿ. ಅದರಲ್ಲಿ ಕಾಳಜಿಯೂ ಇದೆ, ತಪ್ಪೊಪ್ಪಿಗೆಯೂ ಇಲ್ಲ.

ಇನ್ನೊಂದು ಅಪಾಯದ ಮಾತು: ‘ಅವನು ಎಲ್ಲಿಂದ ಬಂದನೋ ಗೊತ್ತೇ ಆಗಲಿಲ್ಲ.’ ಹೇಳುವವರ ಮನಸ್ಸಿನಲ್ಲಿ ಅದು ದೂರು. ಕೇಳುವ ಇನ್ಶೂರೆನ್ಸಿನವರಿಗೆ ಅದು ಒಪ್ಪಿಗೆ. ನೀವು ರಸ್ತೆ ನೋಡುತ್ತಿರಲಿಲ್ಲ ಎಂದು ನೀವೇ ಹೇಳಿದಂತಾಯಿತು, ಅಲ್ವಾ? ‘ಎಲ್ಲರೂ ಹೋಗುವಷ್ಟೇ ಸ್ಪೀಡಲ್ಲಿದ್ದೆ’ ಎನ್ನುವುದೂ ಹಾಗೆಯೇ. 35ರ ಮಿತಿ ಇರುವಲ್ಲಿ ಎಲ್ಲರೂ 42ರಲ್ಲಿ ಹೋಗುತ್ತಿದ್ದರೆ ನಿಮ್ಮದೂ 42 ಎಂದಾಯಿತು. ಅಂಗಡಿಯಲ್ಲಿ ನೀರಿನ ಮೇಲೆ ಜಾರಿ ಬಿದ್ದವರು ಮುಜುಗರಕ್ಕೆ ‘ನಾನೇ ನೋಡ್ಕೊಂಡು ನಡೀಬೇಕಿತ್ತು’ ಅನ್ನುತ್ತಾರೆ. ಮ್ಯಾನೇಜರ್ ಅದನ್ನು ಹಾಗೆಯೇ ತಮ್ಮ ಫಾರ್ಮಿನಲ್ಲಿ ಬರೆದುಕೊಳ್ಳುತ್ತಾರೆ. ಎದ್ದು ಕಾಣುತ್ತಿದ್ದ ಅಪಾಯವನ್ನು ತಪ್ಪಿಸಿಕೊಳ್ಳದವನಿಗೆ ಪರಿಹಾರ ಇಲ್ಲ ಎಂಬ ವಾದಕ್ಕೆ ಆ ಒಂದು ಸಾಲು ಸಾಕು.

ಇಷ್ಟು ಹೇಳಿದ್ದು ಸುಳ್ಳು ಹೇಳಿ ಎಂದಲ್ಲ. ಪೊಲೀಸರು ಕೇಳಿದ್ದಕ್ಕೆ ನಿಜ ಹೇಳಿ. ಕಂಡಿದ್ದನ್ನು ಹೇಳಿ, ಊಹೆಯನ್ನು ಬಿಡಿ. ‘ನನ್ನ ಸಿಗ್ನಲ್ ಹಸಿರಿತ್ತು, ನಾನು ನೇರ ಹೋಗುತ್ತಿದ್ದೆ, ಅವರು ಎದುರಿನಿಂದ ಎಡಕ್ಕೆ ತಿರುಗಿದರು.’ ಅಷ್ಟು ಸಾಕು. ವೇಗ ಖಚಿತವಾಗಿ ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎನ್ನಿ. ಯಾರದು ಎಷ್ಟು ತಪ್ಪು ಎಂಬ ತೀರ್ಮಾನ ನಿಮ್ಮ ಕೆಲಸವಲ್ಲ.

ಆಮೇಲೆ ಫೋಟೊ. ಕಾರುಗಳು ನಿಂತ ಭಂಗಿ, ಟೈರಿನ ಗುರುತು, ಸಿಗ್ನಲ್, ಸ್ಟಾಪ್ ಬೋರ್ಡು, ಬೀದಿದೀಪ, ಅಡ್ಡ ಬಂದ ಪೊದೆ, ಎಲ್ಲವೂ. ಅಂಗಡಿಯಲ್ಲಿ ಬಿದ್ದಿದ್ದರೆ ನೆಲ, ನೀರು ಎಲ್ಲಿಂದ ಬಂತು, ‘ವೆಟ್ ಫ್ಲೋರ್’ ಬೋರ್ಡು ಇತ್ತೇ ಇಲ್ಲವೇ, ನೀವು ತೊಟ್ಟಿದ್ದ ಚಪ್ಪಲಿ. ಆ ಚಪ್ಪಲಿಯನ್ನು ತೊಳೆಯದೆ ಎತ್ತಿಡಿ. ನೋಡಿದವರ ಹೆಸರು ಮತ್ತು ಫೋನ್ ನಂಬರು ನೀವೇ ತೆಗೆದುಕೊಳ್ಳಿ. ಸಾಕ್ಷಿ ನಿಮ್ಮ ಕಡೆ ಹೇಳುವ ಒಂದು ವಾಕ್ಯದ ಬೆಲೆ ಇಲ್ಲಿ ಬೇರೆ ರಾಜ್ಯಗಳಿಗಿಂತ ಜಾಸ್ತಿ. ಏಕೆಂದರೆ ಎದುರಿನವನದು ತಪ್ಪು ಎಂದಷ್ಟೇ ತೋರಿಸಿದರೆ ಸಾಲದು, ನಿಮ್ಮದು ಏನೂ ಇರಲಿಲ್ಲ ಎನ್ನುವುದೂ ನಿಲ್ಲಬೇಕು.

ಆಸ್ಪತ್ರೆಯಲ್ಲಿ

ಅವತ್ತೇ ಹೋಗಿ. ಎಮರ್ಜೆನ್ಸಿ ಬೇಡ ಅನ್ನಿಸಿದರೆ ಅರ್ಜೆಂಟ್ ಕೇರ್‌ಗಾದರೂ ಹೋಗಿ. ‘ಎರಡು ದಿನ ನೋಡೋಣ’ ಎಂದು ಎರಡು ವಾರ ಬಿಟ್ಟರೆ ನೋವು ಬೇರೆ ಕಾರಣದ್ದು ಎನ್ನುತ್ತಾರೆ.

ಏನಾಯಿತು ಎಂದು ನರ್ಸ್ ಕೇಳಿದಾಗ ಹೇಳಿದ್ದು ದಾಖಲೆಗೆ ಹೋಗುತ್ತದೆ, ಆ ದಾಖಲೆ ಮುಂದೆ ಎದುರಿನ ವಕೀಲರ ಕೈಗೂ ಹೋಗುತ್ತದೆ. ಊರಿಂದ ಬಂದ ಅಪ್ಪ ಅಮ್ಮನಿಗೆ ಪೆಟ್ಟಾದರೆ ಮಗನೋ ಸೊಸೆಯೋ ಗಾಬರಿಯಲ್ಲೇ ಅನುವಾದ ಮಾಡುತ್ತಾರೆ. ಅಮ್ಮ ‘ದಾಟ್ತಿದ್ದೆ, ಕಾರು ಬಂತು’ ಅಂದದ್ದು ದಾಖಲೆಯಲ್ಲಿ ‘ಕಾರಿನ ಮುಂದೆ ನಡೆದರು’ ಎಂದಾಗಬಹುದು. ಫೆಡರಲ್ ಹಣ ಪಡೆಯುವ ಆಸ್ಪತ್ರೆಗಳು ದುಭಾಷಿಯನ್ನು ಉಚಿತವಾಗಿ ಒದಗಿಸಬೇಕು. ಫೋನಿನಲ್ಲಿ ಕನ್ನಡ ದುಭಾಷಿ ಬೇಕು ಎಂದು ಕೇಳಿ. ಕೇಳಲು ಸಂಕೋಚ ಬೇಡ.

ನೋವು ಎಲ್ಲೆಲ್ಲಿ ಇದೆ ಎಂದು ಪೂರ್ತಿ ಹೇಳಿ. ನಮ್ಮ ಹಿರಿಯರು ‘ಏನಿಲ್ಲ, ಆರಾಮಾಗಿದ್ದೀನಿ’ ಎಂದು ಹೇಳಿಬಿಡುತ್ತಾರೆ. ಅದೂ ದಾಖಲೆಯಾಗುತ್ತದೆ. ಕೊಟ್ಟ ಫಿಸಿಯೊಥೆರಪಿ ತಪ್ಪಿಸಬೇಡಿ.

ಟಿಕೆಟ್ ಬಂದರೆ ತಟ್ಟನೆ ಕಟ್ಟಬೇಡಿ

ಪೊಲೀಸರು ನಿಮಗೂ ಒಂದು ಟ್ರಾಫಿಕ್ ಟಿಕೆಟ್ ಕೊಟ್ಟಿರಬಹುದು. ನೂರಿನ್ನೂರು ಡಾಲರ್ ತಾನೇ ಎಂದು ಜನ ಆನ್‌ಲೈನಿನಲ್ಲಿ ಕಟ್ಟಿ ಕೈತೊಳೆದುಕೊಳ್ಳುತ್ತಾರೆ. ಕಟ್ಟುವುದೆಂದರೆ ತಪ್ಪು ಒಪ್ಪಿದಂತೆ. ವರ್ಜಿನಿಯಾದಲ್ಲಿ ಅದೇ ಘಟನೆಯ ಟ್ರಾಫಿಕ್ ಕೇಸಿನಲ್ಲಿ ಒಪ್ಪಿಕೊಂಡ ತಪ್ಪು ಸಿವಿಲ್ ಕೇಸಿಗೆ ಸಾಕ್ಷಿಯಾಗಿ ಬರಬಹುದು. ವಾದ ಮಾಡುವುದಿಲ್ಲ ಎಂಬ ‘ನೋಲೊ’ ಉತ್ತರವೂ ಬರಬಹುದು. ಚಿಕ್ಕ ದಂಡ ಕಟ್ಟಿ ಲಕ್ಷ ಡಾಲರಿನ ಕ್ಲೇಮ್ ಕಳೆದುಕೊಳ್ಳುವುದು ಹೀಗೆ. ಟಿಕೆಟ್ ಬಂದಿದ್ದರೆ ಗಾಯದ ಕೇಸಿನ ವಕೀಲರ ಹತ್ತಿರ ಮಾತಾಡಿದ ಮೇಲೆಯೇ ಮುಂದಿನ ಹೆಜ್ಜೆ.

ಇದಕ್ಕೆ ವಿರುದ್ಧವಾಗಿ, ಪೊಲೀಸ್ ರಿಪೋರ್ಟಿನಲ್ಲಿ ನಿಮ್ಮ ಮೇಲೆ ಏನೋ ಬರೆದಿದೆ ಎಂದು ಕೈಚೆಲ್ಲಬೇಡಿ. ಅಡ್ಜಸ್ಟರುಗಳು, ಅಂದರೆ ಇನ್ಶೂರೆನ್ಸ್ ಕಂಪನಿಯ ಪರವಾಗಿ ಕ್ಲೇಮ್ ನೋಡುವವರು, ಅದನ್ನು ದೇವರ ವಾಕ್ಯದ ಹಾಗೆ ಓದುತ್ತಾರೆ, ಆದರೆ ವರ್ಜಿನಿಯಾದ ಟ್ರಯಲಿನಲ್ಲಿ ಆ ರಿಪೋರ್ಟನ್ನೇ ಸಾಕ್ಷಿಯೆಂದು ಒಪ್ಪಿಸಲು ಬರುವುದಿಲ್ಲ. ಘಟನೆ ನಡೆದ ಮೇಲೆ ಬಂದ ಅಧಿಕಾರಿಯ ಅಭಿಪ್ರಾಯ ಅದು. ತಪ್ಪು ವಿವರ ಇದ್ದರೆ ತಿದ್ದುಪಡಿ ಕೇಳಿ.

ಅಡ್ಜಸ್ಟರ್ ಫೋನ್

ಎರಡು ಮೂರು ದಿನದಲ್ಲಿ ಎದುರಿನವರ ಇನ್ಶೂರೆನ್ಸಿನಿಂದ ಫೋನ್ ಬರುತ್ತದೆ. ದನಿ ತುಂಬಾ ಸೌಜನ್ಯದ್ದು. ‘ಬೇಗ ಮುಗಿಸಿಕೊಡಲು ನಿಮ್ಮ ಹೇಳಿಕೆಯನ್ನು ರೆಕಾರ್ಡ್ ಮಾಡಬಹುದಾ?’ ಎಂದು ಕೇಳುತ್ತಾರೆ. ಎದುರು ಪಕ್ಷದ ಕಂಪನಿಗೆ ರೆಕಾರ್ಡ್ ಹೇಳಿಕೆ ಕೊಡಲೇಬೇಕು ಎಂಬ ಕಾನೂನು ಇಲ್ಲ. ‘ಈಗ ಬೇಡ, ವಕೀಲರ ಜೊತೆ ಮಾತಾಡಿ ತಿಳಿಸುತ್ತೇನೆ’ ಎನ್ನಿ. ಕ್ಲೇಮ್ ನಂಬರ್, ಅವರ ಹೆಸರು, ಇಮೇಲ್ ತೆಗೆದುಕೊಳ್ಳಿ. ಕಾರಿನ ಹಾನಿಯ ಮಾತು ಬೇಕಾದರೆ ಆಡಿ. ಗಾಯ ಮತ್ತು ಘಟನೆಯ ವಿವರ ಬೇಡ.

ಈ ಹೇಳಿಕೆಯ ಪ್ರಶ್ನೆಗಳು ಮುಗ್ಧವಾಗಿ ಕಾಣುತ್ತವೆ. ‘ಅವರ ಕಾರು ಮೊದಲು ಕಂಡಾಗ ಎಷ್ಟು ದೂರದಲ್ಲಿತ್ತು?’ ದೂರ ಎಂದರೆ, ತಪ್ಪಿಸಲು ಸಮಯ ಇತ್ತಲ್ಲ ಎನ್ನುತ್ತಾರೆ. ಹತ್ತಿರ ಎಂದರೆ, ಅಲ್ಲಿಯತನಕ ನೋಡಿರಲಿಲ್ಲವೇ ಎನ್ನುತ್ತಾರೆ. ‘ಬೇರೇನಾದರೂ ಮಾಡಿದ್ದರೆ ತಪ್ಪುತ್ತಿತ್ತು ಅನ್ನಿಸುತ್ತದಾ?’ ಇದಕ್ಕೆ ವಿನಯದಿಂದ ಹೌದು ಎಂದವರು ಎಷ್ಟೋ ಜನ. ಬೇರೆ ರಾಜ್ಯದಲ್ಲಿ ಆ ಹೌದು ಹತ್ತು ಪಾಲು ಕಳೆಯಬಹುದು. ಇಲ್ಲಿ ಪೂರ್ತಿ ಹೋಗುತ್ತದೆ.

ನಿಮ್ಮ ಸ್ವಂತ ಕಂಪನಿಯ ವಿಷಯ ಬೇರೆ. ಪಾಲಿಸಿಯಲ್ಲಿ ಸಹಕರಿಸಬೇಕು ಎಂಬ ಷರತ್ತು ಇರುತ್ತದೆ, ಹಾಗಾಗಿ ಬೇಗ ತಿಳಿಸಬೇಕು. ಆದರೆ ಎದುರಿನವನಿಗೆ ಇನ್ಶೂರೆನ್ಸೇ ಇಲ್ಲ, ಅಥವಾ ಗುದ್ದಿ ಓಡಿಹೋದ ಎನ್ನುವ ಸಂದರ್ಭದಲ್ಲಿ ನಿಮ್ಮ ಅನ್‌ಇನ್‌ಶೂರ್ಡ್ ಮೋಟರಿಸ್ಟ್ ಕವರೇಜಿನಿಂದ ಹಣ ಕೇಳಬೇಕಾಗುತ್ತದೆ. ಆಗ ನಿಮ್ಮ ಕಂಪನಿಯೇ ನಿಮಗೆ ಎದುರಾಳಿ, ಇದೇ ನಿಯಮವನ್ನು ಅದೂ ಬಳಸಬಹುದು. ಅಲ್ಲೂ ಹೇಳಿಕೆಗೆ ಮುಂಚೆ ವಕೀಲರು ಬೇಕು.

ವಾಟ್ಸಾಪ್ ಗುಂಪಿನಲ್ಲಿ ಘಟನೆಯ ಕಥೆ ಹಾಕಬೇಡಿ. ‘ನಾನೂ ಸ್ವಲ್ಪ ನಿಧಾನ ಹೋಗಬೇಕಿತ್ತು ಕಣ್ರೋ’ ಎಂದು ಕನ್ನಡದಲ್ಲಿ ಬರೆದರೂ ಕೇಸಿನಲ್ಲಿ ಆ ಸಂದೇಶ ಕೇಳಬಹುದು, ಅನುವಾದವನ್ನೂ ಮಾಡಿಸಬಹುದು. ಈಗಾಗಲೇ ಹಾಕಿದ್ದರೆ ಅಳಿಸಬೇಡಿ. ಸಾಕ್ಷಿ ನಾಶ ಎಂಬ ಇನ್ನೊಂದು ತಲೆನೋವು ಅಂಟಿಕೊಳ್ಳುತ್ತದೆ.

ಅಳಿಯುವ ಸಾಕ್ಷಿಯನ್ನು ಹಿಡಿಯುವುದು

ಅಂಗಡಿಗಳ ಸಿಸಿ ಕ್ಯಾಮೆರಾಗಳು ಹಳೆಯದರ ಮೇಲೆ ಹೊಸದನ್ನು ಬರೆದುಕೊಂಡು ಹೋಗುತ್ತವೆ. 911 ಕರೆಯ ರೆಕಾರ್ಡಿಂಗನ್ನೂ ಕಾಯಂ ಇಡುವುದಿಲ್ಲ. ಅಪಘಾತದ ಜಾಗಕ್ಕೆ ಮಾರನೆಯ ದಿನವೇ ಯಾರನ್ನಾದರೂ ಕಳಿಸಿ, ಎದುರಿನ ಗ್ಯಾಸ್ ಸ್ಟೇಷನ್, ಬ್ಯಾಂಕು, ಮನೆಗಳ ಡೋರ್‌ಬೆಲ್ ಕ್ಯಾಮೆರಾ ಎಲ್ಲೆಲ್ಲಿವೆ ನೋಡಿಸಿ. ಆ ವಿಡಿಯೊ ಉಳಿಸಿಡಿ ಎಂದು ದಿನಾಂಕ, ಹೊತ್ತು ಹಾಕಿ ಪತ್ರ ಕೊಡಿ. ವಕೀಲರ ಲೆಟರ್‌ಹೆಡ್ಡಿನಲ್ಲಿ ಹೋದರೆ ಇನ್ನೂ ಒಳ್ಳೆಯದು.

ಕಾರಿನ ಒಳಗೇ ಒಂದು ಸಾಕ್ಷಿ ಇದೆ. ಈಗಿನ ಕಾರುಗಳಲ್ಲಿ ಗುದ್ದುವ ಮೊದಲಿನ ಕೆಲವು ಸೆಕೆಂಡುಗಳ ವೇಗ, ಬ್ರೇಕ್ ಎಲ್ಲ ದಾಖಲಾಗುವ ಪೆಟ್ಟಿಗೆ ಇರುತ್ತದೆ. ಕಾರು ಟೋಟಲ್ ಆಯಿತು, ಅಂದರೆ ರಿಪೇರಿಗೆ ಲಾಯಕ್ಕಿಲ್ಲ ಎಂದು ಇನ್ಶೂರೆನ್ಸ್ ಕಂಪನಿ ಅದನ್ನು ಗುಜರಿ ಯಾರ್ಡಿಗೆ ಸಾಗಿಸಿದರೆ ಆ ದಾಖಲೆಯೂ ಹೋಯಿತು. ದೊಡ್ಡ ಗಾಯದ ಕೇಸಾದರೆ ಕಾರು ಬಿಟ್ಟುಕೊಡುವ ಮುಂಚೆ ಕೇಳಿ. ನೀವು ಮಿತಿಯೊಳಗೆ ಓಡಿಸುತ್ತಿದ್ದಿರಿ ಎಂದು ತೋರಿಸಲು ಅದಕ್ಕಿಂತ ಗಟ್ಟಿ ಸಾಕ್ಷಿ ಸಿಗುವುದಿಲ್ಲ. ಸಿಗ್ನಲ್ ಜಗಳವಿದ್ದರೆ ಆ ಜಂಕ್ಷನ್ನಿನ ಸಿಗ್ನಲ್ ಟೈಮಿಂಗ್ ದಾಖಲೆಯನ್ನೂ ಸರ್ಕಾರದಿಂದ ಪಡೆಯಬಹುದು. ಡ್ಯಾಶ್‌ಕ್ಯಾಮ್ ಇದ್ದರೆ ಮೆಮೊರಿ ಕಾರ್ಡನ್ನು ಕೂಡಲೇ ತೆಗೆದಿಡಿ.

‘ನಿಮ್ಮದೂ ತಪ್ಪಿದೆ’ ಎಂದಾಗ

ತಿರಸ್ಕಾರದ ಪತ್ರ ಬಂದರೆ ಅಲ್ಲಿಗೆ ಮುಗಿಯಿತು ಎಂದುಕೊಳ್ಳಬೇಡಿ. ಅಡ್ಜಸ್ಟರ್ ನ್ಯಾಯಾಧೀಶರಲ್ಲ. ಈ ಕಟು ನಿಯಮದೊಳಗೂ ಬಾಗಿಲುಗಳಿವೆ. ಕ್ಲೇಮ್ ಉಳಿಯುವುದು ಇವುಗಳಿಂದಲೇ.

ನಿಮ್ಮ ತಪ್ಪನ್ನು ಸಾಬೀತು ಮಾಡುವ ಹೊಣೆ ಎದುರಿನವರದು. ಸುಮ್ನೆ ಆರೋಪ ಮಾಡಿದರೆ ಸಾಲದು. ತಪ್ಪು ಇದ್ದರಷ್ಟೇ ಸಾಲದು, ಅದು ಅಪಘಾತಕ್ಕೆ ಕಾರಣವೂ ಆಗಿರಬೇಕು. ನಿಮ್ಮ ಲೈಸೆನ್ಸ್ ಅವಧಿ ಮುಗಿದಿತ್ತು, ಇನ್ಸ್‌ಪೆಕ್ಷನ್ ಸ್ಟಿಕ್ಕರ್ ಹಳೆಯದಿತ್ತು ಅನ್ನುವುದರಿಂದ ನಿಂತ ನಿಮ್ಮ ಕಾರಿಗೆ ಹಿಂದಿನಿಂದ ಗುದ್ದಿದವನು ಪಾರಾಗುವುದಿಲ್ಲ. ಸೀಟ್ ಬೆಲ್ಟ್ ಹಾಕಿರಲಿಲ್ಲ ಎಂದು ಹೆದರಿಸುತ್ತಾರೆ. ವರ್ಜಿನಿಯಾ, ಮೇರಿಲ್ಯಾಂಡ್, ನಾರ್ತ್ ಕೆರೊಲಿನಾ ಮೂರೂ ಕಡೆ ಬೆಲ್ಟ್ ಹಾಕದಿದ್ದುದನ್ನು ನಿಮ್ಮ ಅಜಾಗರೂಕತೆ ಎಂದು ಬಳಸಲು ಕಾನೂನೇ ಬಿಡುವುದಿಲ್ಲ. ಬೆಲ್ಟ್ ಮಾತ್ರ ಹಾಕಿಯೇ ಹಾಕಿ.

ಇನ್ನೊಂದು ‘ಲಾಸ್ಟ್ ಕ್ಲಿಯರ್ ಚಾನ್ಸ್’, ಅಂದರೆ ತಪ್ಪಿಸುವ ಕೊನೆಯ ಸ್ಪಷ್ಟ ಅವಕಾಶ ಯಾರಿಗಿತ್ತು ಎಂಬ ತತ್ವ. 1842ರ ಇಂಗ್ಲಿಷ್ ಕೇಸಿನಲ್ಲಿ ಕತ್ತೆಯ ಮುಂಗಾಲು ಕಟ್ಟಿ ರಸ್ತೆಯಲ್ಲಿ ಮೇಯಲು ಬಿಟ್ಟಿದ್ದ ಯಜಮಾನನಿಗೂ ಪರಿಹಾರ ಸಿಕ್ಕಿತು. ಗಾಡಿಯವನು ನೋಡಿಕೊಂಡು ನಿಧಾನ ಬಂದಿದ್ದರೆ ತಪ್ಪಿಸಬಹುದಿತ್ತು ಎಂಬ ಕಾರಣಕ್ಕೆ. ಇವತ್ತಿಗೆ ಹೇಳುವುದಾದರೆ: ನಿಮ್ಮ ಕಾರು ಪೆಟ್ರೋಲ್ ಮುಗಿದು ಲೇನಿನಲ್ಲೇ ನಿಂತಿತು, ಅದು ನಿಮ್ಮದೇ ತಪ್ಪು. ಆದರೆ ನೀವು ಅಲುಗಾಡುವಂತಿರಲಿಲ್ಲ, ಹಿಂದಿನವನಿಗೆ ದೂರದಿಂದಲೇ ನೀವು ಕಾಣುತ್ತಿದ್ದಿರಿ, ಪಕ್ಕದ ಲೇನ್ ಖಾಲಿ ಇತ್ತು, ಆದರೂ ಬಂದು ಗುದ್ದಿದ. ಆಗ ಈ ತತ್ವ ನಿಮ್ಮ ಕೈಹಿಡಿಯಬಹುದು. ಇದಕ್ಕೆ ದೂರ, ಸಮಯ, ಬೆಳಕಿನ ಅಳತೆ ಬೇಕು. ಆ ಫೋಟೊಗಳು ಕೆಲಸಕ್ಕೆ ಬರುವುದು ಇಲ್ಲಿ.

ಎದುರಿನವನದು ಬರೀ ಅಜಾಗರೂಕತೆಯಲ್ಲ, ಬೇಕೆಂದೇ ಜೀವದ ಲೆಕ್ಕವಿಲ್ಲದೆ ಮಾಡಿದ್ದು ಎಂದಾದರೆ ನಿಮ್ಮ ಸಣ್ಣ ತಪ್ಪು ಅಡ್ಡ ಬರುವುದಿಲ್ಲ. ವರ್ಜಿನಿಯಾ ಮತ್ತು ನಾರ್ತ್ ಕೆರೊಲಿನಾದಲ್ಲಿ ಈ ದಾರಿ ಇದೆ. ಕುಡಿದು ಓಡಿಸಿದವನು, ರೇಸ್ ಮಾಡುತ್ತಿದ್ದವನು ಗುದ್ದಿದ್ದರೆ ಅವನ ಕ್ರಿಮಿನಲ್ ಕೇಸನ್ನು ಬಿಡದೆ ಹಿಂಬಾಲಿಸಿ, ದಾಖಲೆ ತೆಗೆಸಿ.

ಮಕ್ಕಳ ವಿಷಯದಲ್ಲಿ ಇದೇ ಎರಡು ರಾಜ್ಯಗಳ ನಿಯಮ: 7 ವರ್ಷ ತುಂಬದ ಮಗುವಿನ ಮೇಲೆ ಈ ತಪ್ಪು ಹೊರಿಸಲು ಸಾಧ್ಯವೇ ಇಲ್ಲ. 7ರಿಂದ 14ರ ಮಗುವಿಗೂ ತಪ್ಪು ಮಾಡುವಷ್ಟು ತಿಳಿವಳಿಕೆ ಇರಲಿಲ್ಲ ಎಂದೇ ಶುರು ಮಾಡುತ್ತಾರೆ, ಇತ್ತು ಎನ್ನುವವರು ಸಾಬೀತು ಮಾಡಬೇಕು. ಚೆಂಡಿನ ಹಿಂದೆ ರಸ್ತೆಗೆ ಓಡಿದ ಮಗುವಿನ ಅಪ್ಪ ಅಮ್ಮ ‘ನಮ್ಮ ಮಗೂದೇ ತಪ್ಪು’ ಎಂದು ಸುಮ್ಮನಾಗುವ ಮೊದಲು ಇದನ್ನು ತಿಳಿದಿರಬೇಕು.

ಕೆಲಸದ ಮೇಲೆ ಹೋಗುವಾಗ ಪೆಟ್ಟಾಗಿದ್ದರೆ ವರ್ಕರ್ಸ್ ಕಾಂಪೆನ್ಸೇಶನ್ ಬೇರೆಯೇ ದಾರಿ. ಅಲ್ಲಿ ನಿಮ್ಮ ಅಜಾಗರೂಕತೆ ಲೆಕ್ಕಕ್ಕೆ ಬರುವುದಿಲ್ಲ. ಡೆಲಿವರಿ, ಕ್ಲೈಂಟ್ ಆಫೀಸಿನ ಓಡಾಟದಲ್ಲಿ ಆದದ್ದನ್ನು ಮೇಲಧಿಕಾರಿಗೆ ಕೂಡಲೇ ಬರೆದು ತಿಳಿಸಿ.

ಇನ್ನು, ಕೆಲವು ಅಡ್ಜಸ್ಟರುಗಳು ‘ನಿಮ್ಮದು 20 ಪಾಲು, ನಾವು 80 ಪಾಲು ಕೊಡುತ್ತೇವೆ’ ಎಂದು ಬರುತ್ತಾರೆ. ಇಲ್ಲಿನ ಕಾನೂನಿನಲ್ಲಿ ಅಂಥ ಪಾಲೇ ಇಲ್ಲ. ಅದು ಚೌಕಾಸಿ. ಟ್ರಯಲಿಗೆ ಹೋದರೆ ಗೆಲ್ಲುವ ಭರವಸೆ ಅವರಿಗೂ ಇಲ್ಲ ಎಂಬ ಸುಳಿವೂ ಹೌದು. ಒಪ್ಪಬಹುದು, ಒಪ್ಪದೆಯೂ ಇರಬಹುದು. ‘ನನ್ನದು 20 ಪಾಲು ಹೌದು’ ಎಂದು ಮಾತ್ರ ಎಲ್ಲೂ ಬರೆದುಕೊಡಬೇಡಿ.

ಗಡುವು

ಗಾಯದ ಕೇಸು ಹಾಕಲು ವರ್ಜಿನಿಯಾದಲ್ಲಿ ಮತ್ತು ಅಲಬಾಮಾದಲ್ಲಿ 2 ವರ್ಷ. ಮೇರಿಲ್ಯಾಂಡ್, ಡಿ.ಸಿ., ನಾರ್ತ್ ಕೆರೊಲಿನಾದಲ್ಲಿ 3 ವರ್ಷ. ನಾರ್ತ್ ಕೆರೊಲಿನಾದಲ್ಲಿ ಸಾವಾಗಿದ್ದರೆ 2 ವರ್ಷ. ಇನ್ಶೂರೆನ್ಸಿನ ಜೊತೆ ಮಾತುಕತೆ ನಡೆಯುತ್ತಿದೆ ಎಂದು ಗಡಿಯಾರ ನಿಲ್ಲುವುದಿಲ್ಲ. ಇದನ್ನು ಎರಡು ಸಲ ಓದಿ.

ಗುದ್ದಿದ್ದು ಸರ್ಕಾರಿ ವಾಹನವಾದರೆ, ಬಿದ್ದದ್ದು ಸರ್ಕಾರಿ ಜಾಗದಲ್ಲಾದರೆ ಇನ್ನೂ ಮೊದಲೇ ಲಿಖಿತ ನೋಟಿಸ್ ಕೊಡಬೇಕು. ವರ್ಜಿನಿಯಾದ ಊರು, ನಗರ, ಕೌಂಟಿಗಳಿಗೆ 6 ತಿಂಗಳು, ಡಿ.ಸಿ. ಸರ್ಕಾರಕ್ಕೂ 6 ತಿಂಗಳು. ವರ್ಜಿನಿಯಾ ರಾಜ್ಯ ಸರ್ಕಾರಕ್ಕೆ 1 ವರ್ಷ, ಮೇರಿಲ್ಯಾಂಡಿನ ಸ್ಥಳೀಯ ಸರ್ಕಾರಗಳಿಗೆ 1 ವರ್ಷ. ಅಂಚೆ ಇಲಾಖೆಯ ಟ್ರಕ್ಕು, ಫೆಡರಲ್ ಸರ್ಕಾರದ ಕಾರು ಆದರೆ ಸ್ಟ್ಯಾಂಡರ್ಡ್ ಫಾರ್ಮ್ 95 ತುಂಬಿ, ಕೇಳುವ ಮೊತ್ತ ನಮೂದಿಸಿ, 2 ವರ್ಷದೊಳಗೆ ಆ ಇಲಾಖೆಗೆ ಕೊಡಬೇಕು. ಆ ಕೇಸಿಗೂ ಜಾಗದ ರಾಜ್ಯದ ಕಾನೂನೇ ಅನ್ವಯ.

ವಕೀಲರನ್ನು ಆರಿಸುವುದು

ಇಲ್ಲಿ ಗಾಯದ ಕೇಸಿನ ವಕೀಲರು ಸಾಮಾನ್ಯವಾಗಿ ಮೊದಲ ಭೇಟಿಗೆ ಹಣ ಕೇಳುವುದಿಲ್ಲ. ಗೆದ್ದರೆ ಮೂರನೇ ಒಂದು ಪಾಲು, ಕೋರ್ಟಿಗೆ ಹೋದರೆ ನೂರಕ್ಕೆ 40 ಪಾಲಿನ ತನಕ ಎಂಬ ಒಪ್ಪಂದ ರೂಢಿ. ಅದು ಬರವಣಿಗೆಯಲ್ಲಿರಬೇಕು. ಖರ್ಚುಗಳನ್ನು ಫೀಸಿನ ಮೊದಲು ಕಳೆಯುತ್ತಾರೋ ಆಮೇಲೋ ಎಂದು ಕೇಳಿ. ಕೈಗೆ ಬರುವ ಹಣದಲ್ಲಿ ಗಣನೀಯ ವ್ಯತ್ಯಾಸ ಆಗುತ್ತದೆ. ‘ಈ ವಾದ ಎದ್ದ ಕೇಸನ್ನು ನೀವು ಟ್ರಯಲ್ ತನಕ ಒಯ್ದಿದ್ದೀರಾ?’ ಎಂಬ ಪ್ರಶ್ನೆಯನ್ನು ತಪ್ಪದೆ ಕೇಳಿ. ಈ ನಿಯಮಕ್ಕೆ ಹೆದರಿ ಅನುಮಾನದ ಕೇಸನ್ನು ವಕೀಲರೇ ಬೇಡ ಎನ್ನುವುದುಂಟು. ಒಬ್ಬರು ಬೇಡ ಎಂದರೆ ಅದೇ ತೀರ್ಪಲ್ಲ, ಇನ್ನಿಬ್ಬರನ್ನು ಕೇಳಿ. ಅವರಿಗೆ ಮಾತ್ರ ಎಲ್ಲವನ್ನೂ ಹೇಳಿ, ಫೋನ್ ನೋಡುತ್ತಿದ್ದಿರಿ ಎಂದರೆ ಅದನ್ನೂ.

ವರ್ಜಿನಿಯಾದಲ್ಲಿ ಗಾಯದ ಕೇಸು 50,000 ಡಾಲರಿನೊಳಗಿದ್ದರೆ ಜನರಲ್ ಡಿಸ್ಟ್ರಿಕ್ಟ್ ಕೋರ್ಟಿನಲ್ಲಿ ಹಾಕಬಹುದು. ಜ್ಯೂರಿ ಇಲ್ಲ, ಒಬ್ಬ ನ್ಯಾಯಾಧೀಶರು ಕೇಳುತ್ತಾರೆ, ಡಾಕ್ಟರನ್ನು ಕರೆಸದೆ ಪ್ರಮಾಣಪತ್ರದೊಂದಿಗೆ ವೈದ್ಯಕೀಯ ದಾಖಲೆ ಕೊಡಬಹುದು. ಸಾಧಾರಣ ಗಾಯದ ಕೇಸಿಗೆ ಇದು ಒಳ್ಳೆಯ ದಾರಿ ಎಂದು ನನ್ನ ಅನಿಸಿಕೆ. ಸೋತವರು ಮೇಲಿನ ಕೋರ್ಟಿಗೆ ಹೋದರೆ ವಿಚಾರಣೆ ಹೊಸದಾಗಿ ನಡೆಯುತ್ತದೆ.

ಸೆಟಲ್‌ಮೆಂಟ್ ಚೆಕ್ಕಿಗೆ ಮುಂಚೆ ರಿಲೀಸ್ ಪತ್ರಕ್ಕೆ ಸಹಿ ಕೇಳುತ್ತಾರೆ. ಸಹಿ ಹಾಕಿದ ಮೇಲೆ ಮೂರು ತಿಂಗಳಿಗೆ ಬೆನ್ನಿನ ಆಪರೇಶನ್ ಬೇಕಾದರೂ ಏನೂ ಕೇಳುವಂತಿಲ್ಲ. ಚಿಕಿತ್ಸೆ ಒಂದು ಹಂತಕ್ಕೆ ಬರುವ ತನಕ ಕಾಯಿರಿ, ಗಡುವಿನ ಮೇಲೆ ಕಣ್ಣಿಟ್ಟು. ನಿಮ್ಮ ಆಫೀಸಿನ ಹೆಲ್ತ್ ಇನ್ಶೂರೆನ್ಸ್ ತಾನು ಕೊಟ್ಟ ಹಣ ವಾಪಸ್ ಕೇಳುತ್ತದಾ ನೋಡಿಸಿ. ವರ್ಜಿನಿಯಾ ಕಾನೂನು ಸಾಮಾನ್ಯ ಪಾಲಿಸಿಗಳಿಗೆ ಅದನ್ನು ತಡೆಯುತ್ತದೆ. ಆದರೆ ದೊಡ್ಡ ಕಂಪನಿಗಳು ತಮ್ಮ ಹಣದಿಂದಲೇ ನಡೆಸುವ ಪ್ಲಾನುಗಳಿಗೆ ಆ ತಡೆ ಅನ್ವಯಿಸುವುದಿಲ್ಲ, ಐ.ಟಿ.ಯಲ್ಲಿರುವ ನಮ್ಮವರು ಅನೇಕರದು ಅಂಥದೇ. ದೇಹಕ್ಕಾದ ಗಾಯದ ಪರಿಹಾರಕ್ಕೆ ಫೆಡರಲ್ ಆದಾಯ ತೆರಿಗೆ ಇಲ್ಲ.

ಅಪಘಾತ ಆಗುವ ಮುಂಚೆಯೇ ಒಂದು ಕೆಲಸ

ಇವತ್ತೇ ನಿಮ್ಮ ಕಾರಿನ ಪಾಲಿಸಿ ತೆಗೆದು ನೋಡಿ. ವರ್ಜಿನಿಯಾದಲ್ಲಿ 2025ರ ಜನವರಿಯಿಂದ ಒಬ್ಬರ ಗಾಯಕ್ಕೆ ಕನಿಷ್ಠ ಮಿತಿ 50,000 ಡಾಲರ್. ನಾರ್ತ್ ಕೆರೊಲಿನಾದಲ್ಲಿ 2025ರ ಜುಲೈಯಿಂದ ಅಷ್ಟೇ. ಮೇರಿಲ್ಯಾಂಡಿನಲ್ಲಿ 30,000. ಎದುರಿನವನ ಬಳಿ ಇರುವುದು ಇಷ್ಟೇ ಆಗಿದ್ದರೆ ಒಂದು ಆಪರೇಶನ್ನಿಗೇ ಖಾಲಿ. ಆದ್ದರಿಂದ ನಿಮ್ಮ ಅನ್‌ಇನ್‌ಶೂರ್ಡ್ ಮತ್ತು ಅಂಡರ್‌ಇನ್‌ಶೂರ್ಡ್ (ಎದುರಿನವನ ಇನ್ಶೂರೆನ್ಸ್ ಸಾಲದಿದ್ದಾಗ ಬರುವ) ಕವರೇಜಿನ ಮಿತಿ ಏರಿಸಿ.

ಅದಕ್ಕಿಂತ ಮುಖ್ಯ, ತಪ್ಪು ಯಾರದು ಎಂದು ಕೇಳದೆ ಹಣ ಕೊಡುವ ಕವರೇಜ್. ಮೇರಿಲ್ಯಾಂಡಿನಲ್ಲಿ ಅದಕ್ಕೆ ಪಿ.ಐ.ಪಿ. ಎನ್ನುತ್ತಾರೆ. ಕನಿಷ್ಠ 2,500 ಡಾಲರ್ ಇರುತ್ತದೆ. ಕೆಲವು ಡಾಲರ್ ಉಳಿಸಲು ಜನ ಅದನ್ನು ಬೇಡ ಎಂದು ಸಹಿ ಹಾಕುತ್ತಾರೆ. ಹಾಗೆ ಮಾಡಬೇಡಿ. ವರ್ಜಿನಿಯಾ, ನಾರ್ತ್ ಕೆರೊಲಿನಾದಲ್ಲಿ ಚಿಕಿತ್ಸೆಯ ಖರ್ಚಿಗೆ ಹೀಗೇ ಹಣ ಕೊಡುವ ಕವರೇಜನ್ನು ಮೆಡ್‌ಪೇ ಎಂದು ಕೇಳಿ ಹಾಕಿಸಿಕೊಳ್ಳಿ. ಒಂದು ಪಾಲು ತಪ್ಪಿಗೆ ಎಲ್ಲ ಕಳೆದುಕೊಳ್ಳುವ ಊರಿನಲ್ಲಿ ಇದೊಂದೇ ನೆಚ್ಚಿಕೊಳ್ಳಬಹುದಾದ ಹಣ.

ಊರಿಂದ ಬಂದ ಅಪ್ಪ ಅಮ್ಮ ಕಾರಿನಲ್ಲಿದ್ದರೆ

ಇದನ್ನು ಬೇರೆಯಾಗಿ ಹೇಳಬೇಕು. ಕಾರಿನಲ್ಲಿ ಸುಮ್ಮನೆ ಕೂತಿದ್ದವರ ಮೇಲೆ ಓಡಿಸಿದವನ ತಪ್ಪನ್ನು ಹೊರಿಸುವುದಿಲ್ಲ. ಮಗ 10 ಪಾಲು, ಎದುರಿನವನು 90 ಪಾಲು ತಪ್ಪು ಮಾಡಿದ್ದರೆ ಮಗನಿಗೆ ಏನೂ ಸಿಗದಿರಬಹುದು, ಅಮ್ಮನ ಕ್ಲೇಮ್ ಗಟ್ಟಿಯಾಗಿ ನಿಲ್ಲುತ್ತದೆ. ಎದುರಿನವನ ಇನ್ಶೂರೆನ್ಸಿನ ಮೇಲೂ, ಮಗನ ಇನ್ಶೂರೆನ್ಸಿನ ಮೇಲೂ. ‘ಮಗನ ಮೇಲೆ ಕೇಸಾ? ಬೇಡಪ್ಪ’ ಎಂದು ಹಿರಿಯರು ಹಿಂಜರಿಯುತ್ತಾರೆ. ಆ ಹಣ ಕೊಡುವುದು ಮಗ ತಿಂಗಳು ತಿಂಗಳು ಕಟ್ಟಿದ ಪಾಲಿಸಿ. ವಿಸಿಟರ್ ಇನ್ಶೂರೆನ್ಸಿನ ಮಿತಿ ಮುಗಿದ ಮೇಲೆ ಆಸ್ಪತ್ರೆ ಬಿಲ್ಲಿಗೆ ಬೇರೆ ದಾರಿಯೂ ಇರುವುದಿಲ್ಲ. ಪಾಲಿಸಿಯಲ್ಲಿ ಮನೆಯವರ ಬಗ್ಗೆ ಮಿತಿಗಳಿರಬಹುದು, ಓದಿಸಿ. ತಾಯಿಗೂ ಮಗನಿಗೂ ಒಬ್ಬರೇ ವಕೀಲರು ಬೇಡ. ಇಬ್ಬರ ಹಿತ ಇಲ್ಲಿ ಬೇರೆ ಬೇರೆ, ನಿಯತ್ತಿನ ವಕೀಲರು ತಾವೇ ಅದನ್ನು ಹೇಳುತ್ತಾರೆ.

ಅವರು ಊರಿಗೆ ಹೊರಡುವ ಮೊದಲು ಇಲ್ಲಿನ ಎಲ್ಲ ವೈದ್ಯಕೀಯ ದಾಖಲೆ, ಎಕ್ಸ್‌ರೇ, ಸ್ಕ್ಯಾನುಗಳ ಪ್ರತಿ ತೆಗೆಸಿ. ಪ್ರಮಾಣ ಮಾಡಿಸಿ ವಿಡಿಯೊದಲ್ಲಿ ಅವರ ಸಾಕ್ಷ್ಯ ದಾಖಲಿಸುವ ಬಗ್ಗೆ ವಕೀಲರನ್ನು ಕೇಳಿ, ಕನ್ನಡ ದುಭಾಷಿಯೊಂದಿಗೆ. ಸಾಕ್ಷಿ ದೇಶದಲ್ಲಿಲ್ಲದಿದ್ದಾಗ ಅದನ್ನು ಕೋರ್ಟಿನಲ್ಲಿ ತೋರಿಸಬಹುದು. ಊರಿನಲ್ಲಿ ಮುಂದುವರಿಯುವ ಚಿಕಿತ್ಸೆಗೆ ಪ್ರತಿ ಭೇಟಿಯ ದಿನಾಂಕ ಇರುವ ಚೀಟಿ, ಆಸ್ಪತ್ರೆಯ ಮುದ್ರೆ ಇರುವ ಬಿಲ್ಲು, ಡಿಸ್ಚಾರ್ಜ್ ಸಮ್ಮರಿ, ಮೆಡಿಕಲ್ ಶಾಪಿನ ರಸೀದಿ ಎಲ್ಲ ಜೋಡಿಸಿಡಲು ಹೇಳಿ. ಬರೀ ಕೈಬರಹದ ಮೊತ್ತ ಇರುವ ಚೀಟಿಗೆ ಇಲ್ಲಿ ಬೆಲೆ ಇಲ್ಲ. ಡಾಕ್ಟರ ಬಳಿ ಒಂದು ಪತ್ರ ಬರೆಸಿ: ಈ ನೋವು ಆ ದಿನದ ಅಪಘಾತದಿಂದ ಬಂದದ್ದು, ಮುಂದೆ ಇಂಥ ಚಿಕಿತ್ಸೆ ಬೇಕಾಗುತ್ತದೆ ಎಂದು, ಅವರ ರಿಜಿಸ್ಟ್ರೇಶನ್ ನಂಬರಿನ ಸಮೇತ.